ಹಿಗ್ಗಿದ ಪುಟ್ಟ ಪಿಕಪ್

1980ರ ದಶಕದಲ್ಲಿ ಅಮೆರಿಕದ ರಸ್ತೆಗಿಳಿದ ಫೋರ್ಡ್ ರೇಂಜರ್‌ನ ಉದ್ದ ಸುಮಾರು ನಾಲ್ಕೂವರೆ ಮೀಟರ್. ಪಕ್ಕದಲ್ಲಿ ನಿಂತೇ ಹಿಂದಿನ ತೊಟ್ಟಿಗೆ ಕೈಹಾಕಿ ಚೀಲ ಎತ್ತಬಹುದಿತ್ತು. 2011ರಲ್ಲಿ ಅಲ್ಲಿ ನಿಂತುಹೋಗಿ 2019ರಲ್ಲಿ ಮರಳಿದಾಗ, ಅದೇ ಹೆಸರಿನ ಗಾಡಿ ಐದು ಮೀಟರ್ ದಾಟಿತ್ತು.

ಹೀಗೆ ಹಿಗ್ಗಿದ್ದರ ಹಿಂದೆ ನಿಯಮಗಳೂ ಇವೆ. ಮಗುಚಿದರೂ ಚಾವಣಿ ಕುಸಿಯಬಾರದೆಂದು ಅಲ್ಲಿನ 2009ರ ನಿಯಮ, ಹಗುರ ಗಾಡಿಗಳಿಗೆ ತಮ್ಮ ತೂಕದ ಮೂರು ಪಟ್ಟು ತಾಳುವ ಬಲ ಕೇಳಿತು. ಕಿಟಕಿ ಪಕ್ಕದ ಕಂಬಗಳು ದಪ್ಪಗಾದವು. ಜೀವ ಉಳಿಸುವ ಕೆಲಸ, ತಕರಾರಿಲ್ಲ. ಆದರೆ ಇಂಧನ ನಿಯಮದ ಲೆಕ್ಕ ಬೇರೆ: ನಾಲ್ಕು ಚಕ್ರಗಳ ನಡುವಿನ ಜಾಗ ಹಿಗ್ಗಿದಷ್ಟೂ ಮೈಲೇಜಿನ ಗುರಿ ಸಡಿಲ. ಚಿಕ್ಕ ಗಾಡಿ ಮಾಡುವವರಿಗೇ ಬಿಗಿ.

ಒಳಗಿದ್ದವರೇನೋ ಉಳಿದಾರು. ರಸ್ತೆ ದಾಟುವವರು?

ಬಾನೆಟ್ 40 ಅಂಗುಲ ಮೀರಿದ ಗಾಡಿ ಗುದ್ದಿದರೆ ಪಾದಚಾರಿ ಸಾಯುವ ಸಂಭವ, ತಗ್ಗು ಮೂತಿಯ ಗಾಡಿಗಿಂತ ಸುಮಾರು 45% ಹೆಚ್ಚೆಂದು ಅಲ್ಲಿನ 2023ರ ಅಧ್ಯಯನವೊಂದು ಕಂಡುಕೊಂಡಿತು. ನಲವತ್ತು ಅಂಗುಲವೆಂದರೆ ನಾಲ್ಕು ವರ್ಷದ ಮಗುವಿನ ನೆತ್ತಿಯ ಮಟ್ಟ.