ಬಿಟ್ಟಿ, ಮುಯ್ಯಾಳು, ಶ್ರಮದಾನ

ಕನ್ನಡದ ‘ಬಿಟ್ಟಿ’ ಎಂಬ ಮಾತು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿಷ್ಟಿಯೆಂದರೆ ಪ್ರಭುತ್ವವು ಪ್ರಜೆಗಳಿಂದ ಮಾಡಿಸಿಕೊಳ್ಳುವ ದುಡಿಮೆ. ಕನ್ನಡ ಶಾಸನಗಳಲ್ಲಿ ಬಿಟ್ಟಿಯು ತೆರಿಗೆಗಳ ಸಾಲಿನಲ್ಲಿಯೇ ಬರುತ್ತದೆ. ಒಬ್ಬನು ಹಣವನ್ನೋ ಧಾನ್ಯವನ್ನೋ ತೆತ್ತಂತೆ ಮೈಮುರಿದ ದಿನಗಳನ್ನೂ ತೆರಬೇಕಾಗಿತ್ತು. (ಮೂಡಿಗೆರೆ ಸೀಮೆಯ ಅಂಗಡಿ, ಎಂದರೆ ಹಿಂದಿನ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಆ ವಂಶದ ಬಿಟ್ಟಿದೇವನ ಹೆಸರಿಗೂ ಈ ಬಿಟ್ಟಿಗೂ ನಂಟಿಲ್ಲ. ಅದು ವಿಷ್ಣು ಶಬ್ದದ ತದ್ಭವ.) ಇಂದು ಬಿಟ್ಟಿ ಎಂದರೆ ಪುಕ್ಕಟೆ. ಕೂಲಿಯಿಲ್ಲದೆ ದುಡಿದವನ ನಷ್ಟವನ್ನು ಹೇಳುತ್ತಿದ್ದ ಪದ, ಬೆಲೆ ಕೊಡದೆ ಪಡೆದವನ ಲಾಭವನ್ನು ಹೇಳುವ ಪದವಾಯಿತು. ದುಡಿದವನು ಅರ್ಥದಿಂದ ಜಾರಿಹೋದ, ಪಡೆದವನು ಮಾತ್ರ ಉಳಿದ.

ಈ ಬಿಟ್ಟಿಯ ಪಕ್ಕದಲ್ಲಿ ಮಲೆನಾಡಿನ ಇನ್ನೊಂದು ಪದವನ್ನು ಇಟ್ಟು ನೋಡಬೇಕು: ಮುಯ್ಯಾಳು. ಗದ್ದೆಯ ನೆಟ್ಟಿಯ ಕಾಲದಲ್ಲಿ ಒಂದು ಮನೆಯವರು ಇನ್ನೊಂದು ಮನೆಯ ಗದ್ದೆಗೆ ಇಳಿಯುತ್ತಾರೆ. ಮುಂದೊಂದು ದಿನ ಆ ಮನೆಯವರು ಇವರ ಗದ್ದೆಗೆ ಬರುತ್ತಾರೆ. ಇಲ್ಲಿ ಕೂಲಿಯ ಮಾತಿಲ್ಲ, ಆದರೆ ಲೆಕ್ಕವುಂಟು. ಒಂದು ಆಳಿಗೆ ಒಂದು ಆಳು, ಒಂದು ದಿನಕ್ಕೆ ಒಂದು ದಿನ. ಮುಯ್ಯಿ ತೀರಿಸದವನ ಗದ್ದೆಗೆ ಮರುವರ್ಷ ಯಾರೂ ಇಳಿಯರು. ಇದನ್ನು ತೀರ ಹೊಗಳುವುದಕ್ಕೂ ಹೋಗಬಾರದು. ಗದ್ದೆಯಿದ್ದವರ ನಡುವೆ ಮಾತ್ರ ನಡೆಯುವ ವ್ಯವಹಾರವಿದು. ಸ್ವಂತ ಗದ್ದೆಯೇ ಇಲ್ಲದವನಿಗೆ ಯಾರು ತಾನೆ ಮುಯ್ಯಿ ತೀರಿಸಬಲ್ಲರು? ಅವನು ಈ ಲೆಕ್ಕದ ಹೊರಗೆ, ಬಿಟ್ಟಿಯ ಅಥವಾ ಕೂಲಿಯ ಲೆಕ್ಕದಲ್ಲಿ ನಿಂತವನು.

‘ಶ್ರಮದಾನ’ ಇವೆರಡಕ್ಕಿಂತ ಹೊಸ ಮಾತು. ಸರ್ಕಾರದ ಭಾಷೆಗೆ ಅದು ಗಟ್ಟಿಯಾಗಿ ಸೇರಿದ್ದು 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯೊಂದಿಗೆ. ದೇಶದಲ್ಲಿ ಮೊದಲಿಗೆ ಆರಿಸಿದ 55 ಕ್ಷೇತ್ರಗಳಲ್ಲಿ ನೆರೆಯ ಶಿವಮೊಗ್ಗ ಜಿಲ್ಲೆಯ ಸೊರಬ–ಶಿಕಾರಿಪುರವೂ ಒಂದು. ರಸ್ತೆ, ಬಾವಿ, ಶಾಲೆಯ ಕಟ್ಟಡಗಳಿಗೆ ಸರ್ಕಾರ ಒಂದು ಪಾಲು ಹಣ ಕೊಡುವುದು, ಊರವರು ಹಣವನ್ನೋ ಸಾಮಗ್ರಿಯನ್ನೋ ದುಡಿಮೆಯನ್ನೋ ಕೊಡುವುದು ಎಂಬುದು ಅದರ ಕ್ರಮ. ಉದ್ದೇಶದಲ್ಲಿ ಕೆಡುಕಿರಲಿಲ್ಲ. ಆದರೆ ಹಣವುಳ್ಳವನು ಹಣ ಕೊಟ್ಟು ಮುಗಿಸಬಲ್ಲ. ಇಲ್ಲದವನ ಬಳಿ ಕೊಡಲು ಇರುವುದು ಮೈಯೊಂದೇ. ಸಮಾಜಶಾಸ್ತ್ರಜ್ಞ ಎಸ್. ಸಿ. ದುಬೆ ಅವರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಈ ಯೋಜನೆ ನಡೆದ ಬಗೆಯನ್ನು ಕಣ್ಣಾರೆ ಕಂಡು 1958ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ಗುರುತಿಸಿದರು. ಮೇಲ್ಜಾತಿಯ ಸ್ಥಿತಿವಂತರು ಮೇಲ್ವಿಚಾರಣೆಗೆ ನಿಂತರು, ಮಣ್ಣು ಹೊತ್ತವರು ಬಡವರು. ಹೊಸ ರಸ್ತೆಯ ಹೆಚ್ಚಿನ ಪ್ರಯೋಜನ ಗಾಡಿ, ಎತ್ತು, ಮಾರಲು ಬೆಳೆ ಇದ್ದವರಿಗೆ. ಕೆಳಜಾತಿಯವರ ಕಣ್ಣಿಗೆ ಅದು ಮರ್ಯಾದೆಯ ಹೆಸರಿಟ್ಟುಕೊಂಡು ಬಂದ ಹಳೆಯ ಬೇಗಾರಿಯಂತೆಯೇ ಕಂಡಿತು.

ಸಂವಿಧಾನವು 23ನೆಯ ವಿಧಿಯಲ್ಲಿ ಬೇಗಾರಿಯನ್ನು ನಿಷೇಧಿಸಿದೆ. ಅದೇ ವಿಧಿಯ ಎರಡನೆಯ ಉಪವಿಧಿ ಮಾತ್ರ ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ವಿಧಿಸುವ ಅಧಿಕಾರವನ್ನು ಪ್ರಭುತ್ವಕ್ಕೆ ಉಳಿಸಿ, ಧರ್ಮ, ಜನಾಂಗ, ಜಾತಿ, ವರ್ಗಗಳ ಆಧಾರದ ಮೇಲೆ ಭೇದ ಮಾಡಕೂಡದೆಂದು ಷರತ್ತು ಹಾಕುತ್ತದೆ. ‘ವರ್ಗ’ ಎಂಬ ಮಾತು ಅಲ್ಲಿರುವುದು ಗಮನಾರ್ಹ. ಶ್ರಮದಾನವನ್ನು ಕಾನೂನಿನ ಪ್ರಕಾರ ವಿಧಿಸಿದ್ದರೆ ತೋಟದ ಒಡೆಯನೂ ಬುಟ್ಟಿ ಹೊರಬೇಕಾಗುತ್ತಿತ್ತು. ಸ್ವಇಚ್ಛೆಯ ಹೆಸರಿನಲ್ಲಿ ಕರೆದದ್ದರಿಂದ ಆ ಷರತ್ತು ಯಾರನ್ನೂ ಕಟ್ಟಲಿಲ್ಲ.

ಪ್ರಭುತ್ವವೇ ಶ್ರಮದಾನವನ್ನು ವ್ರತವಾಗಿ ಮಾಡಿಕೊಂಡದ್ದು ಕಮ್ಯುನಿಸ್ಟ್ ದೇಶಗಳಲ್ಲಿ. ಅದರ ಆರಂಭ ಚಿಕ್ಕದು, ಅಷ್ಟೇ ಶುದ್ಧವಾದುದು. 1919ರ ಏಪ್ರಿಲ್ 12ರ ಶನಿವಾರ ರಾತ್ರಿ, ಅಂತರ್ಯುದ್ಧದ ನಡುವೆ, ಮಾಸ್ಕೋದ ಒಂದು ರೈಲ್ವೆ ಡಿಪೋದಲ್ಲಿ ಹದಿನೈದು ಮಂದಿ ಬೆಳಗಿನವರೆಗೆ ದುಡಿದು ಮೂರು ಎಂಜಿನ್ನುಗಳನ್ನು ರಿಪೇರಿ ಮಾಡಿದರು. ಕೂಲಿ ಕೇಳಲಿಲ್ಲ. ಶನಿವಾರದ ರಷ್ಯನ್ ಹೆಸರಿನಿಂದ ಈ ಕೆಲಸಕ್ಕೆ ‘ಸುಬ್ಬೋತ್ನಿಕ್’ ಎಂಬ ಹೆಸರು ಬಂತು. ಲೆನಿನ್ ಅದನ್ನು ಮಹಾ ಆರಂಭವೆಂದು ಕೊಂಡಾಡಿ ಬರೆದ; ಮರುವರ್ಷದ ಮೇ 1ರಂದು ಕ್ರೆಮ್ಲಿನ್ನಿನಲ್ಲಿ ತಾನೂ ಮರದ ದಿಮ್ಮಿ ಹೊತ್ತ. ಅಂದು ಅವನೊಡನೆ ಹೆಗಲು ಕೊಟ್ಟವರು ತಾವೆಂದು ಮುಂದೆ ಹೇಳಿಕೊಂಡವರ ಸಂಖ್ಯೆ ನೋಡಿದರೆ ಆ ದಿಮ್ಮಿ ಕುದುರೆಮುಖದ ಬೆಟ್ಟದಷ್ಟು ಉದ್ದವಿದ್ದಿರಬೇಕು. ದಶಕಗಳು ಕಳೆದಂತೆ ಅದು ಲೆನಿನ್ನನ ಹುಟ್ಟುಹಬ್ಬದ ಸುತ್ತಿನ ವಾರ್ಷಿಕ ಆಚರಣೆಯಾಯಿತು. ಸೋವಿಯತ್ ಜನರೇ ಅದಕ್ಕೆ ‘ಸ್ವಯಂಪ್ರೇರಿತ ಕಡ್ಡಾಯ’ ಎಂದು ಹೆಸರಿಟ್ಟು ನಕ್ಕರು.

ಕಾಫಿಯ ನಾಡಿನವರಿಗೆ ಇದಕ್ಕಿಂತಲೂ ಹತ್ತಿರದ ಉದಾಹರಣೆ ಕ್ಯೂಬಾದ್ದು. 1967–68ರಲ್ಲಿ ಹವಾನಾ ನಗರದ ಸುತ್ತ ಹಸಿರು ಪಟ್ಟಿಯೊಂದನ್ನು ಬೆಳೆಸುವ ಅಭಿಯಾನ ನಡೆಯಿತು. ಕಚೇರಿ ನೌಕರರು, ವಿದ್ಯಾರ್ಥಿಗಳು, ಕಾರ್ಖಾನೆಯವರು ನಗರದಿಂದ ಹೊರಟು ಕಾಫಿ ಗಿಡ ನೆಟ್ಟರು. ತಳಿ ಕತುರ್ರಾ ಎಂಬ ಗಿಡ್ಡ ಜಾತಿಯದು. ಸಾಲುಗಳ ನಡುವೆ ತೊಗರಿ. ಬಂದವರ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ತಕ್ಕ ಮಣ್ಣಿಗೆ, ನೆರಳಿಗೆ, ಕೈಯ ಪಳಗಿಕೆಗೆ. ಕೆಲವೇ ವರ್ಷಗಳಲ್ಲಿ ಆ ಪಟ್ಟಿಯನ್ನು ಕೈಬಿಡಲಾಯಿತು. ಚಿಕ್ಕಮಗಳೂರಿನ ಯಾವ ತೋಟದ ಹಳೆಯ ಆಳನ್ನು ಕೇಳಿದ್ದರೂ ಮೊದಲೇ ಹೇಳುತ್ತಿದ್ದ. ಮರಗಸಿಯಲ್ಲಿ ಯಾವ ಕೊಂಬೆ ಕಡಿಯಬೇಕು, ಯಾವುದನ್ನು ಬಿಡಬೇಕು, ಕಪಾತಿನಲ್ಲಿ ಯಾವ ರೆಕ್ಕೆ ಉಳಿಯಬೇಕು ಎಂಬುದು ಒಂದು ರಜಾದಿನದಲ್ಲಿ ಬರುವ ವಿದ್ಯೆಯಲ್ಲ. ಹೂಮಳೆ ಬಿದ್ದ ಮೇಲೆ ಎಷ್ಟು ದಿನಕ್ಕೆ ಮತ್ತೆ ನೀರು ಬೇಕೆಂಬುದನ್ನು ಭಾಷಣದಿಂದ ತಿಳಿಯಲಾಗದು. ದಾನವಾಗಿ ಬರುವ ಶ್ರಮವನ್ನು ಬೆಲೆಯಿಲ್ಲದ ಶ್ರಮವೆಂದು ಭಾವಿಸುವ ಆಡಳಿತವು ಅದರೊಳಗಿನ ವಿದ್ಯೆಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ವಿಪರ್ಯಾಸವೆಂದರೆ, ಮಾಸ್ಕೋದಲ್ಲಿ ಕೂಲಿಯಿಲ್ಲದ ಶನಿವಾರವನ್ನು ಬೇಡಿದ ಅದೇ ಕೆಂಪು ಬಾವುಟ ಈ ಕಾಫಿ ಬೆಟ್ಟಗಳಿಗೆ ಬಂದದ್ದು ಕೂಲಿಯನ್ನು ಬೇಡುವುದಕ್ಕೆ. ಇಲ್ಲಿನ ತೋಟಗಳ ದುಡಿಮೆಗೆ ಮುಂಗಡದ ಇತಿಹಾಸವಿದೆ. ಮೇಸ್ತ್ರಿ ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಮುಂಗಡ ಕೊಟ್ಟು ಆಳು ತರುತ್ತಿದ್ದ. ಆ ಮುಂಗಡ ತೀರುವವರೆಗೆ ಲೈನಿನ ಮನೆಯೇ ಊರು. 1951ರ ತೋಟ ಕಾರ್ಮಿಕರ ಕಾಯ್ದೆ ವಸತಿ, ಕುಡಿಯುವ ನೀರು, ಚಿಕಿತ್ಸೆ, ವಾರದ ರಜೆ ಮುಂತಾದುವನ್ನು ಹಕ್ಕಾಗಿ ಬರೆಯಿತು. ಬರೆದದ್ದು ಲೈನಿನ ಬಾಗಿಲಿಗೆ ಬರುವಂತೆ ಒತ್ತಾಯಿಸಿದವರಲ್ಲಿ ಎಐಟಿಯುಸಿಯ ಸಂಘಗಳೂ ಇದ್ದವು. ಇಂತಿಷ್ಟು ಗಂಟೆ, ಇಂತಿಷ್ಟು ಕೂಲಿ, ಹಬ್ಬಕ್ಕೆ ಬೋನಸ್ಸು: ಕ್ರಾಂತಿಯ ಭಾಷೆಯಲ್ಲಿ ಇದು ಸಣ್ಣ ಮಾತು. ತಲೆಮಾರುಗಳ ಬಿಟ್ಟಿಯನ್ನು ಕಂಡ ಮನೆಗಳಲ್ಲಿ ಅದು ಸಣ್ಣದಾಗಿರಲಿಲ್ಲ. ವಾರಕ್ಕೊಂದು ದಿನ ತನ್ನದು ಎಂಬ ಅರಿವೇ ಅಲ್ಲಿ ಹೊಸದು.

ಆ ಒಂದು ದಿನದ ಮೇಲೆಯೇ ಶ್ರಮದಾನದ ಕರೆ ಬಂದು ಬೀಳುತ್ತದೆ. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದ ಪ್ರತಿಜ್ಞೆಯಲ್ಲಿ ವರ್ಷಕ್ಕೆ 100 ಗಂಟೆ, ಅಂದರೆ ವಾರಕ್ಕೆರಡು ಗಂಟೆ, ಸ್ವಚ್ಛತೆಗೆ ಮೀಸಲಿಡುವ ಮಾತಿದೆ. 2023ರ ಅಕ್ಟೋಬರ್ 1ರಂದು ಬೆಳಿಗ್ಗೆ 10ಕ್ಕೆ ದೇಶವೆಲ್ಲ ಒಂದು ಗಂಟೆ ಶ್ರಮದಾನ ಮಾಡಬೇಕೆಂಬ ಕರೆ ಬಂತು, ಅದು ಭಾನುವಾರ. ಪೊರಕೆ ಹಿಡಿದ ಅಧಿಕಾರಿಯ ಚಿತ್ರ ಮರುದಿನದ ಪತ್ರಿಕೆಯಲ್ಲಿ ಬಂದರೆ ಅದನ್ನು ಹಾಸ್ಯ ಮಾಡುವುದು ಸುಲಭ. ವರ್ಷವಿಡೀ ಪೊರಕೆ ಹಿಡಿಯುವ ಪೌರಕಾರ್ಮಿಕರ ಚಿತ್ರವೂ ಎಂದಾದರೂ ಬಂದಿದೆಯೇ ಎಂದು ಕೇಳುವುದು ಅದಕ್ಕಿಂತ ಉಚಿತ.

ಕಳಸದ ಕಡೆ ಯಾವ ಕರೆಯೂ ಇಲ್ಲದೆ ನಡೆಯುವ ಕೆಲಸವೊಂದಿದೆ. ಹಳ್ಳದಾಚೆಯ ಮನೆಗಳವರು ಮಳೆಗಾಲಕ್ಕೆ ಮುಂಚೆ ಕಾಲುಸಂಕ ಕಟ್ಟುತ್ತಾರೆ. ಎರಡೋ ಮೂರೋ ಅಡಕೆಮರ, ಕಟ್ಟಲು ಬಳ್ಳಿ ಅಥವಾ ತಂತಿ, ಹಿಡಿಯಲು ಒಂದು ಬಿದಿರು. ಮಕ್ಕಳು ಶಾಲೆಗೆ ಹೋಗುವುದು, ಬಾಣಂತಿಯನ್ನು ಕರೆತರುವುದು, ಹಾಲು ಡೇರಿಗೆ ಮುಟ್ಟುವುದು ಅದರ ಮೇಲೆಯೇ. ಹಳ್ಳ ಉಕ್ಕಿದರೆ ಸಂಕ ತೇಲಿಹೋಗುತ್ತದೆ, ಮತ್ತೆ ಕಟ್ಟುತ್ತಾರೆ. ಬರುವವರು ಅದನ್ನು ದಾಟುವ ಮನೆಗಳವರೇ; ಮರ ಕೊಟ್ಟವರು ಯಾರು, ಹೆಗಲು ಕೊಟ್ಟವರು ಯಾರು, ನೆವ ಹೇಳಿದವರು ಯಾರು ಎಂಬುದು ಎಲ್ಲರಿಗೂ ಗೊತ್ತು. ಇದನ್ನು ಸ್ವಾವಲಂಬನೆಯೆಂದು ವೇದಿಕೆಯ ಮೇಲೆ ಹೊಗಳುವವರಿದ್ದಾರೆ. ಕಟ್ಟುವವರು ಮಾತ್ರ ಗ್ರಾಮಸಭೆಯಲ್ಲಿ ಪ್ರತಿ ಸಲವೂ ಸೇತುವೆಯ ಅರ್ಜಿಯನ್ನೇ ಕೊಡುತ್ತಾರೆ.