ಅರವತ್ತು ಸಾವಿರದ ರೀಲು

ಗಾಳ ಹಾಕುವವನಿಗೆ ಲೋಕದಲ್ಲಿ ಮರ್ಯಾದೆ ಕಡಮೆ. ಬಲೆ ಬೀಸುವವನನ್ನು ಜನ ದುಡಿಯುವವನೆಂದು ತಿಳಿಯುತ್ತಾರೆ. ಗಾಳದ ಕೋಲು ಹಿಡಿದು ಕುಳಿತವನನ್ನು ಮಾತ್ರ ಮನೆಯಲ್ಲಿ ಕೆಲಸವಿಲ್ಲದೆ ಹೊಳೆಯ ದಡ ಸೇರಿದವನೆಂದೇ ಎಣಿಸುತ್ತಾರೆ. ಅವನು ಕಾಲೇಜಿನಲ್ಲಿ ಪಂಪ ರನ್ನರನ್ನು ಪಾಠ ಹೇಳುವ ಅಧ್ಯಾಪಕನೂ ಆಗಿದ್ದರಂತೂ ಹೇಳಬೇಕಾದುದೇ ಇಲ್ಲ. ಶಿವಮೊಗ್ಗೆಯಲ್ಲಿ ತುಂಗೆಯ ದಡದಲ್ಲಿ ನನ್ನನ್ನು ಕಂಡ ವಿದ್ಯಾರ್ಥಿಗಳು ನಮಸ್ಕಾರವನ್ನು ನನಗೆ ಮಾಡಿದರೂ, ಕಣ್ಣನ್ನು ನನ್ನ ಪಕ್ಕದ ಎರೆಹುಳುವಿನ ಡಬ್ಬಿಯ ಮೇಲೆಯೇ ಇಟ್ಟಿರುತ್ತಾರೆ.

ಇಂಥ ಸಂದರ್ಭಗಳಲ್ಲಿ ನನ್ನ ರಕ್ಷಣೆಗೆ ಬರುವವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಸುಮಾರು 1129ರಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಉಂಟು. ಮೀನುಗಳಲ್ಲಿ ಎಷ್ಟು ಬಗೆ, ಯಾವ ಮೀನಿಗೆ ಯಾವ ಆಹಾರ, ಗಾಳ ಹಾಕುವ ಕ್ರಮವೇನು ಎಂಬುದನ್ನೆಲ್ಲ ಆ ರಾಜೇಂದ್ರನು ಶಾಸ್ತ್ರೀಯವಾಗಿ ವಿವರಿಸಿದ್ದಾನೆ. ಆದುದರಿಂದ ನಮ್ಮದು ಸೋಮಾರಿಯ ಕೆಲಸವಲ್ಲ, ರಾಜವಿನೋದ. ಆದರೆ ಒಂದು ವ್ಯತ್ಯಾಸವನ್ನು ಒಪ್ಪಬೇಕು. ಸೋಮೇಶ್ವರನಿಗೆ ಬೊಕ್ಕಸವಿತ್ತು, ನನಗೆ ತಿಂಗಳ ಸಂಬಳವಿದೆ. ರಾಜವಿನೋದವನ್ನು ಸಂಬಳದಲ್ಲಿ ನಡೆಸಹೊರಟವನಿಗೆ ಎದುರಾಗುವ ಪ್ರಶ್ನೆಗಳೇ ಬೇರೆ. ಅಂಥ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದ್ದೇನೆ: ದುಬಾರಿ ರೀಲಿಗೆ ಕೊಟ್ಟ ಹಣ ಸಾರ್ಥಕವೆ?

ಈ ಪ್ರಶ್ನೆ ಬಂದದ್ದು ವೈದ್ಯಮಿತ್ರರೊಬ್ಬರ ಔದಾರ್ಯದಿಂದ. ಅವರು ಜಪಾನಿನ ಶಿಮಾನೊ ಕಂಪನಿಯ 'ಸ್ಟೆಲ್ಲಾ' ಎಂಬ ರೀಲನ್ನು ತರಿಸಿದ್ದರು. ಬೆಲೆ 60,000 ರೂಪಾಯಿ. ಆದರೆ ರೋಗಿಗಳು ಅವರನ್ನು ಹೊಳೆಗೆ ಹೋಗಗೊಡಬೇಕಲ್ಲ! 'ಒಂದು ತಿಂಗಳು ನೀವೇ ಇಟ್ಟುಕೊಂಡು ನೋಡಿ ಮೇಷ್ಟ್ರೇ. ಇಷ್ಟವಾದರೆ ನಿಮಗೂ ಒಂದು ತರಿಸೋಣ' ಎಂದು ರೇಷ್ಮೆಯ ಸೀರೆಯನ್ನು ಕೊಡುವಂತೆ ಎರಡು ಕೈಯಲ್ಲಿ ಹಿಡಿದು ಕೊಟ್ಟರು. ನನ್ನ ಬಳಿ ಆಗ ಇದ್ದ ರೀಲಿನ ಬೆಲೆ 1,500 ರೂಪಾಯಿ.

ಮನೆಯಲ್ಲಿ ವಿಷಯ ತಿಳಿದಾಗ ನನ್ನ ಶ್ರೀಮತಿ ಕೇಳಿದ ಪ್ರಶ್ನೆ ಒಂದೇ: 'ಇದರಲ್ಲಿ ಹಿಡಿದ ಮೀನು ಬೇಗ ಬೇಯುತ್ತದೆಯೆ?' ಅನಂತರ ಅವಳು ಲೆಕ್ಕ ಹಾಕಿದಳು. ಕಿಲೋಗೆ 250 ರೂಪಾಯಿಯಂತೆ 60,000 ರೂಪಾಯಿಗೆ 240 ಕಿಲೋ ಮೀನು ಬರುತ್ತದೆ. ವಾರಕ್ಕೊಂದು ಕಿಲೋ ತಂದರೂ ನಾಲ್ಕೂವರೆ ವರ್ಷಗಳ ಕಾಲ ಕೂತು ತಿನ್ನಬಹುದು, ಅದೂ ಕಾಲಿಗೆ ಕೆಸರು ಮೆತ್ತಿಕೊಳ್ಳದೆ. ಈ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಇದೇ ತಕ್ಕಡಿಯಲ್ಲಿ ತೂಗಿದರೆ ವೀಣೆಯೂ ನಿಲ್ಲುವುದಿಲ್ಲ, ಕವನಸಂಕಲನವೂ ನಿಲ್ಲುವುದಿಲ್ಲ. ಆದುದರಿಂದ ಮೀನಿನ ತೂಕವನ್ನು ಬಿಟ್ಟು ರೀಲಿನ ಗುಣವನ್ನೇ ನೋಡುವುದು ನ್ಯಾಯವೆಂದು ತೋರಿತು.

ಗಾಳದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ರೀಲೆಂದರೆ ಕೋಲಿಗೆ ಬಿಗಿದ, ದಾರ ಸುತ್ತುವ ಒಂದು ಪುಟ್ಟ ರಾಟೆ. ಇದು ಹೊಸದೇನಲ್ಲ. 12ನೆಯ ಶತಮಾನದ ಕೊನೆಯಲ್ಲಿ ಚೀನದ ಮಾ ಯುವಾನ್ ಬರೆದ ಚಿತ್ರವೊಂದರಲ್ಲಿ ದೋಣಿಯಲ್ಲಿ ಒಂಟಿಯಾಗಿ ಕುಳಿತ ಬೆಸ್ತನ ಕೋಲಿನಲ್ಲಿಯೂ ಇಂಥ ರಾಟೆ ಕಾಣುತ್ತದೆ. ಇಂದು ನಾವು ಬಳಸುವ ಬಗೆಯದಕ್ಕೆ 1905ರಲ್ಲಿ ಹಕ್ಕುಪತ್ರ ಪಡೆದವನು ಇಂಗ್ಲೆಂಡಿನ ಆಲ್‌ಫ್ರೆಡ್ ಇಲ್ಲಿಂಗ್‌ವರ್ತ್, ನೂಲಿನ ಗಿರಣಿಯ ಒಡೆಯ. ಗಿರಣಿಯಲ್ಲಿ ಕದಿರು ತಿರುಗದೆಯೇ ಅದರ ತುದಿಯಿಂದ ನೂಲು ಜಾರಿ ಬರುವುದನ್ನು ದಿನವೂ ಕಾಣುತ್ತಿದ್ದವನಿಗೆ ಗಾಳದ ದಾರವೂ ಹಾಗೆಯೇ ಜಾರಬಾರದೇಕೆ ಎಂದು ಹೊಳೆಯಿತು. ಶಿಮಾನೊ ಕಂಪನಿಯಾದರೂ 1921ರಲ್ಲಿ ಆರಂಭವಾದುದು ಸೈಕಲ್ಲಿನ ಹಿಂದಿನ ಚಕ್ರಕ್ಕೆ ಹಲ್ಲುಗಾಲಿ ಮಾಡುವುದಕ್ಕಾಗಿ. ರೀಲಿಗೆ ಕೈಹಾಕಿದ್ದು 1970ರಲ್ಲಿ. ಹೀಗೆ ನಮ್ಮ ರೀಲಿಗೆ ಒಂದು ಕಡೆ ನೂಲುವ ಕದಿರೂ ಇನ್ನೊಂದು ಕಡೆ ಸೈಕಲ್ಲೂ ನಂಟರು.

ರೀಲಿನ ಕೆಲಸ ಮೂರು. ಎಸೆದಾಗ ದಾರವನ್ನು ಸರಾಗವಾಗಿ ಬಿಡಬೇಕು. ತಿರುಗಿಸಿದಾಗ ಸುತ್ತಿ ತರಬೇಕು. ಮೀನು ಎಳೆದಾಗ ತಡೆದು ತಡೆದು ಬಿಟ್ಟುಕೊಡಬೇಕು. ಈ ಮೂರನೆಯದೇ ಮುಖ್ಯ. ಇದಕ್ಕೆ ಡ್ರ್ಯಾಗ್ ಎನ್ನುತ್ತಾರೆ. ಒಂದರ ಮೇಲೊಂದು ಒತ್ತಿದ ಬಿಲ್ಲೆಗಳು. ಅವನ್ನು ಬಿಗಿ ಮಾಡುವ ಒಂದು ತಿರುಪು. ದಾರ 6 ಕಿಲೋ ಎಳೆತ ತಡೆಯುವುದಾದರೆ ಸುಮಾರು 2 ಕಿಲೋ ಎಳೆತಕ್ಕೇ ರೀಲು ಜಾರುವಂತೆ ತಿರುಪನ್ನು ಹೊಂದಿಸುತ್ತೇವೆ. ಆಗ ಮೀನು ಎಷ್ಟು ಜಗ್ಗಿದರೂ ದಾರ ಹರಿಯಬಾರದು. ಆದರೆ ನಿಂತ ಎತ್ತಿನ ಗಾಡಿಯನ್ನು ಕದಲಿಸುವುದಕ್ಕೆ ಬೇಕಾದಷ್ಟು ಬಲ, ಉರುಳುತ್ತಿರುವ ಗಾಡಿಯನ್ನು ಎಳೆಯುವುದಕ್ಕೆ ಬೇಕಿಲ್ಲವಷ್ಟೆ? ಅಗ್ಗದ ರೀಲಿನ ಬಿಲ್ಲೆಗಳು ಆ ನಿಂತ ಗಾಡಿಯಂತೆ. ಮೀನು ಥಟ್ಟನೆ ಓಡಿದಾಗ ಒಂದು ಕ್ಷಣ ಹಿಡಿದುಕೊಂಡು, ಆಮೇಲೆ ಎಗರಿ ಬಿಡುತ್ತವೆ. ದಾರ ಹರಿಯುವುದಕ್ಕೆ ಆ ಒಂದು ಕ್ಷಣ ಸಾಕು. ಒಳ್ಳೆಯ ರೀಲಿನಲ್ಲಿ ಆ ಹಿಡಿತವೇ ಇಲ್ಲ. ಬೆಣ್ಣೆಯಲ್ಲಿ ಕೂದಲು ಜಾರಿದಂತೆ ದಾರ ಜಾರುತ್ತದೆ. ದುಬಾರಿ ರೀಲಿಗೆ ಕೊಡುವ ಹಣದಲ್ಲಿ ದೊಡ್ಡ ಪಾಲು ಈ ನಯವಾಗಿ ಸೋಲುವ ಗುಣಕ್ಕೆ ಸಲ್ಲುತ್ತದೆ.

ಇಷ್ಟನ್ನು ಓದಿ ತಿಳಿಯಬಹುದು. ಯಂತ್ರದ ಒಳಗುಟ್ಟನ್ನು ತಿಳಿಯಬೇಕಾದರೆ ಭದ್ರಾವತಿಗೆ ಹೋಗಬೇಕು. ಶಿವಮೊಗ್ಗೆಯಿಂದ ಸುಮಾರು 20 ಕಿಲೋಮೀಟರು. ಬಸ್ಸಿನಲ್ಲಿ ಒಂದು ನಿದ್ದೆಗೂ ಸಾಲದ ದೂರ. ನಮ್ಮ ಸೋದರಮಾವ ಅಲ್ಲಿಯವರು. 1923ರಲ್ಲಿ ಕುಲುಮೆ ಹೊತ್ತಿದ ಕಬ್ಬಿಣದ ಕಾರ್ಖಾನೆಯಲ್ಲಿ ಬಹುಕಾಲ ಟರ್ನರ್ ಆಗಿ ಲೇತಿನ ಮುಂದೆ ನಿಂತು ನಿವೃತ್ತರಾದವರು. ನನಗೆ ಗಾಳ ಕಟ್ಟುವುದನ್ನು ಕಲಿಸಿದವರೂ ಅವರೇ. ಕಬ್ಬಿಣದ ಊರಿನವರಾದ ಮಾವನ ಪಾಲಿಗೆ ಲೋಕದ ವಸ್ತುಗಳೆಲ್ಲ ಎರಡೇ ಬಗೆ: ಎರಕ ಹೊಯ್ದದ್ದು, ಬಡಿದು ಮಾಡಿದ್ದು.

ಹಳೆಯ ವೃತ್ತಪತ್ರಿಕೆಯನ್ನು ಜಗಲಿಯ ಮೇಲೆ ಹಾಸಿ, ನನ್ನ 1,500 ರೂಪಾಯಿಯ ರೀಲನ್ನು ಅವರು ತಿರುಪುಗಳ ಲೆಕ್ಕ ತಪ್ಪದಂತೆ ಬಿಚ್ಚಿದರು. ಅವರ ಬಲಗೈ ಮೊದಲಿನಂತಿಲ್ಲ. ಎರಡು ವರ್ಷಗಳ ಹಿಂದೆ ಲಕ್ವ ಹೊಡೆದು ಮಣಿಕಟ್ಟಿನ ಬಲ ಉಡುಗಿದೆ. ಹಾಗಾಗಿ ತಿರುಪುಳಿಯನ್ನು ಎಡಗೈಯಿಂದ ಹಿಡಿದರು.

'ನೋಡು ಅಳಿಯ, ಈ ಹಲ್ಲುಚಕ್ರ ಸತುವಿನ ಎರಕ. ಎರಕದ ಮೇಲೆ ಹಲ್ಲು ಚೂಪಾಗಿ ನಿಲ್ಲೋದಿಲ್ಲ. ತಿರುಗಿಸಿದಾಗ ಕೈಗೆ ಗರಗರ ಅನ್ನುತ್ತಲ್ಲ, ಅದು ಇದೇ' ಎಂದರು.

'ಡಬ್ಬದ ಮೇಲೆ 13 ಬೇರಿಂಗು ಅಂತ ಬರೆದಿದ್ದಾರಲ್ಲ ಮಾವ?'

'ಬರೆಯೋದಕ್ಕೇನು ಮಾರಾಯ! 13 ಕೆಟ್ಟ ಬೇರಿಂಗಿಗಿಂತ 4 ಒಳ್ಳೆಯದು ಮೇಲು. ಮನೆ ತುಂಬ ನೆಂಟರಿದ್ದ ಮಾತ್ರಕ್ಕೆ ಮದುವೆ ಕೆಲಸ ಸಾಗುತ್ತೇನು?'

ವೈದ್ಯರ ರೀಲನ್ನು ಅವರು ಬಿಚ್ಚಲಿಲ್ಲ, ಪರರ ಸೊತ್ತು. ಕಿವಿಯ ಬಳಿ ಹಿಡಿದು ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿದರು. ಲೇತಿನ ಸದ್ದಿನಿಂದಲೇ ಉಳಿಯ ಮೊನೆ ಮೊಂಡಾದುದನ್ನು ತಿಳಿಯುತ್ತಿದ್ದ ಕಿವಿ ಅದು. ಬಹಳ ಹೊತ್ತು ಮಾತಾಡಲಿಲ್ಲ. ಆ ರೀಲಿನ ಚಕ್ರವನ್ನು ಎರಕ ಹೊಯ್ಯುವುದಿಲ್ಲವೆಂದೂ, ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹವನ್ನು ಕಾಯಿಸದೆಯೇ ಭಾರಿ ಒತ್ತಡದಲ್ಲಿ ಅಚ್ಚಿಗೆ ಒತ್ತಿ ರೂಪಿಸುತ್ತಾರೆಂದೂ ನಾನು ಹೇಳಿದೆ. 'ಹೇಳಬೇಕಾಗಿಲ್ಲ, ಕೇಳಿಸುತ್ತೆ. ಹಲ್ಲು ಹಲ್ಲನ್ನು ಮುಟ್ಟಿದ್ದೇ ಗೊತ್ತಾಗೋದಿಲ್ಲ. ಕೆಲಸ ಅಂದರೆ ಇದು' ಎಂದರು. ಆ ಮಾತಿನಲ್ಲಿ ಆಸೆಯಿರಲಿಲ್ಲ. ಒಬ್ಬ ಕೆಲಸಗಾರ ದೂರದೇಶದ ಇನ್ನೊಬ್ಬ ಕೆಲಸಗಾರನಿಗೆ ಮಾಡಿದ ನಮಸ್ಕಾರವಿತ್ತು.

ಮರುದಿನ ಭಾನುವಾರ. ಊರಿನಿಂದ ಸ್ವಲ್ಪ ಮೇಲೆ, ಭದ್ರೆಯ ನೀರು ತಗ್ಗಿ ಮಡುಗಟ್ಟುವ ಕಡೆ ಇಬ್ಬರೂ ಹೋಗಿ ಕುಳಿತೆವು. ಲಕ್ವ ಹೊಡೆದ ಮೇಲೆ ಮಾವ ಗಾಳ ಮುಟ್ಟಿರಲಿಲ್ಲ. ಕಾರಣವನ್ನು ಅವರು ಹೇಳಿರಲಿಲ್ಲ, ಅತ್ತೆ ಹೇಳಿದ್ದರು. ಅಗ್ಗದ ರೀಲನ್ನು ತಿರುಗಿಸುವಷ್ಟು ಬಲ ಮಣಿಕಟ್ಟಿನಲ್ಲಿಲ್ಲ. ಹತ್ತು ಸುತ್ತಿಗೆ ಕೈ ನಡುಗಿ ಕೋಲು ಜಾರುತ್ತದೆ. ಅಂದು ಸ್ಟೆಲ್ಲಾವನ್ನು ಅವರ ಕೋಲಿಗೆ ಕಟ್ಟಿಕೊಟ್ಟೆ. ಎರಡು ಗಂಟೆಗಳ ಕಾಲ ಅವರು ಎಸೆದರು, ಸುತ್ತಿದರು, ಮತ್ತೆ ಎಸೆದರು. ಸುಮಾರು 2 ಕಿಲೋ ತೂಗುವ ರೋಹು ಒಂದು ಕಚ್ಚಿ ಓಡಿದಾಗ ರೀಲು ಸದ್ದಿಲ್ಲದೆ ದಾರ ಬಿಟ್ಟುಕೊಟ್ಟಿತು. ಮಾವ ಅದನ್ನು ತಮ್ಮ ಕೈಯಿಂದಲೇ ದಡಕ್ಕೆ ತಂದರು. ಆಗ ಅವರ ಮುಖವನ್ನು ಕಂಡಿದ್ದರೆ 60,000 ಏನು, ಲಕ್ಷವನ್ನಾದರೂ ಕೊಡಬಹುದೆಂದು ಯಾರಿಗಾದರೂ ಅನ್ನಿಸುತ್ತಿತ್ತು.

ಆದರೆ ಬೆಲೆ ಕೇಳಿದ ಮೇಲೆ ಅವರೇ ಅದನ್ನು ಕೋಲಿನಿಂದ ಬಿಚ್ಚಿ ನನ್ನ ಕೈಗಿಟ್ಟರು. 'ಕಲ್ಲಿಗೆ ತಾಗೀತು, ಗೀರು ಬಿದ್ದೀತು ಅಂತ ಇದನ್ನೇ ಕಾಯೋದಾದರೆ ಮೀನನ್ನು ಕಾಯೋರು ಯಾರು? ಉಪಕರಣ ನನಗೆ ದುಡಿಯಬೇಕು ಅಳಿಯ, ನಾನು ಅದಕ್ಕೆ ದುಡಿಯೋದಲ್ಲ' ಎಂದರು.

ಅಲ್ಲಿಗೆ ಪ್ರಶ್ನೆಯ ರೂಪವೇ ಬದಲಾಯಿತು. ದುಬಾರಿಯದೋ ಅಗ್ಗದ್ದೋ ಎಂಬುದಲ್ಲ. ಎಷ್ಟರವರೆಗೆ ಹಣ ಕೆಲಸ ಮಾಡುತ್ತದೆ, ಎಲ್ಲಿಂದ ಮುಂದೆ ಬರಿಯ ಹೊಳಪಾಗುತ್ತದೆ ಎಂಬುದು. ಇದನ್ನು ತಿಳಿಯಲು ಪರಿಚಯದ ಇನ್ನೊಬ್ಬರಿಂದ 8,000 ರೂಪಾಯಿಯ ರೀಲೊಂದನ್ನು ಎರವಲು ತಂದು, ಎರಡು ವಾರ ತುಂಗೆಯಲ್ಲಿಯೂ ಭದ್ರೆಯಲ್ಲಿಯೂ ಮೂರನ್ನೂ ಒಂದೇ ದಾರ, ಒಂದೇ ಗಾಳ ಕಟ್ಟಿ ಹಾಕಿ ನೋಡಿದೆ. ನನಗೆ ಕಂಡದ್ದು ಇಷ್ಟು. 1,500ಕ್ಕೂ 8,000ಕ್ಕೂ ಇರುವ ಅಂತರ, ಭದ್ರಾವತಿಗೆ ನಡೆದು ಹೋಗುವುದಕ್ಕೂ ಬಸ್ಸಿನಲ್ಲಿ ಹೋಗುವುದಕ್ಕೂ ಇರುವ ಅಂತರ. ಡ್ರ್ಯಾಗ್ ನಯವಾಗಿ ಜಾರುತ್ತದೆ, ಹಿಡಿಕೆ ಕೈಯನ್ನು ನೋಯಿಸುವುದಿಲ್ಲ. 8,000ಕ್ಕೂ 60,000ಕ್ಕೂ ಇರುವ ಅಂತರವಾದರೋ ಕೆಂಪು ಬಸ್ಸಿಗೂ ರಾಜಹಂಸಕ್ಕೂ ಇರುವಂಥದು. ಸುಖದಲ್ಲಿ ವ್ಯತ್ಯಾಸವಿದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಎರಡೂ ಹೋಗಿ ನಿಲ್ಲುವುದು ಒಂದೇ ನಿಲ್ದಾಣದಲ್ಲಿ. ಮೀನುಗಳಂತೂ ಮೂರರಲ್ಲಿ ಯಾವುದಕ್ಕೂ ಪಕ್ಷಪಾತ ತೋರಲಿಲ್ಲ. ಕಚ್ಚಿಸುವುದು ಗಾಳ ಮತ್ತು ಎರೆ. ರೀಲಿನ ಸರದಿ ಬರುವುದು ಕಚ್ಚಿದ ಮೇಲೆ.

ಹಾಗೆಂದು ದುಬಾರಿ ರೀಲು ಮಾಡಿದವರೆಲ್ಲ ಮೋಸಗಾರರು, ಕೊಂಡವರೆಲ್ಲ ಮರುಳರು ಎಂದು ತೀರ್ಪು ಕೊಡುವುದು ಅನ್ಯಾಯ. ಮಲ್ಪೆ, ಮುರುಡೇಶ್ವರಗಳ ಕಡಲ ಬಂಡೆಗಳ ಮೇಲೆ ನಿಂತು ದಿನವೆಲ್ಲ ಎಸೆಯುವವನಿಗೆ ಅದು ಬೇಕಾದೀತು. ಉಪ್ಪುನೀರು ಅಗ್ಗದ ಬೇರಿಂಗನ್ನು ಬೇಗನೆ ತಿಂದುಹಾಕುತ್ತದೆ. ನೀರು ಒಳಹೋಗದಂತೆ ಮಾಡಿದ ಬಿಗಿಯಾದ ಕಟ್ಟಿಗೆ ಅಲ್ಲಿ ನಿಜವಾದ ಬೆಲೆಯುಂಟು. ಓಡಿದರೆ ನೂರು ಮೀಟರು ದಾರವನ್ನು ಎಳೆದೊಯ್ಯುವ ಮೀನುಗಳೂ ಅಲ್ಲಿವೆ. ನಮ್ಮ ಸಿಹಿನೀರಿನಲ್ಲಿ ಉಪ್ಪಿಲ್ಲ. ಅಂಥ ಮೀನೂ ಈಗ ನಮಗೆ ಸಲ್ಲುವುದಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಪಿಲೆಯಲ್ಲಿ 120 ಪೌಂಡು ತೂಗುವ ಮಹಶೀರ್ ಮೀನನ್ನು ಗಾಳದಿಂದ ಹಿಡಿದರು. ಅಂಥ ಮೀನನ್ನು ತಡೆಯಲು ಎಂಥ ರೀಲಾದರೂ ಬೇಕು. ಆದರೆ ಕಾವೇರಿ ಸೀಮೆಯ ಆ ದಪ್ಪಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ತೀರ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿತು. ನಮ್ಮ ತುಂಗೆಯಲ್ಲಿ ದೊಡ್ಡ ಮೀನುಗಳನ್ನು ನೋಡಬೇಕಾದರೆ ತೀರ್ಥಹಳ್ಳಿಯ ಬಳಿಯ ಚಿಬ್ಬಲಗುಡ್ಡೆಗೆ ಹೋಗಬೇಕು. ಅಲ್ಲಿ ಅವು ದೇವರ ಮೀನುಗಳು. ಭಕ್ತರು ಮಂಡಕ್ಕಿ ಎರಚಿದರೆ ನೀರೇ ಕುದಿದಂತೆ ಮೇಲೆದ್ದು ಬರುತ್ತವೆ. ಗಾಳದ ಮಾತನ್ನು ಅಲ್ಲಿ ಎತ್ತುವಂತಿಲ್ಲ, ಎತ್ತಲೂ ಬಾರದು. ಇನ್ನು ನಮ್ಮ ಪಾಲಿಗೆ ಉಳಿದದ್ದು ಕಿಲೋ, ಎರಡು ಕಿಲೋ, ಪುಣ್ಯವಿದ್ದರೆ ನಾಲ್ಕು ಕಿಲೋದ ರೋಹು, ಕಾಟ್ಲಾಗಳು. ಅವನ್ನು ಹಿಡಿಯಲು 60,000 ರೂಪಾಯಿಯ ರೀಲೆಂದರೆ ಬೆಕ್ಕನ್ನು ಕಟ್ಟಲು ಆನೆಯ ಸರಪಳಿ ಮಾಡಿಸಿದಂತೆ.

ಆದುದರಿಂದ ನನ್ನ ತೀರ್ಮಾನ ಇದು. ಯಾವುದೇ ಉಪಕರಣಕ್ಕೆ ಹಣ ಕೊಡುವ ಮೊದಲು ಇಬ್ಬರನ್ನು ಕೇಳಬೇಕು: ನಮ್ಮ ಹೊಳೆಯನ್ನು ಮತ್ತು ನಮ್ಮ ಕೈಯನ್ನು. ಹೊಳೆ ಕೇಳದಿದ್ದರೂ ಕೈ ಕೇಳಬಹುದು. ನನ್ನ ಗಟ್ಟಿ ಕೈಗೆ 1,500ರದು ಇನ್ನೂ ಕೆಲವು ಕಾಲ ಸಾಕು. ಮಾವನ ಸೋತ ಮಣಿಕಟ್ಟಿಗೆ ಅದು ಸಾಲದು. ಅವರಿಗೆ 8,000ದ ರೀಲೇ ಹೆಚ್ಚಲ್ಲ, ಅದೇ ಸರಿಯಾದ ಬೆಲೆ. ಕಳೆದ ತಿಂಗಳು ಅಂಥದೊಂದನ್ನು ಕೊಂಡು ಭದ್ರಾವತಿಗೆ ಮುಟ್ಟಿಸಿ ಬಂದೆ. ಮೀನಿನ ಲೆಕ್ಕ ಹಾಕಿದ್ದ ನನ್ನ ಶ್ರೀಮತಿ ಈ ಖರ್ಚಿಗೆ ಮಾತ್ರ ಲೆಕ್ಕ ಕೇಳಲಿಲ್ಲ. ಮಾವ ಈಗ ಪ್ರತಿ ಭಾನುವಾರ ಹೊಳೆಗೆ ಹೋಗುತ್ತಾರಂತೆ. ಮೀನು ಬಂದರೂ ಬಾರದಿದ್ದರೂ ಮಧ್ಯಾಹ್ನದ ಹೊತ್ತಿಗೆ ಹಸಿವಾಗಿ ಮನೆಗೆ ಬರುತ್ತಾರೆಂದು ಅತ್ತೆ ಸಂತೋಷದಿಂದ ದೂರುತ್ತಾರೆ.

ಸ್ಟೆಲ್ಲಾವನ್ನು ಒರೆಸಿ, ಡಬ್ಬದಲ್ಲಿಟ್ಟು ವೈದ್ಯಮಿತ್ರರಿಗೆ ಹಿಂದಿರುಗಿಸಿದೆ. ಕೊರಳಲ್ಲಿ ಸ್ಟೆತಸ್ಕೋಪು ತೂಗುತ್ತಿದ್ದಂತೆಯೇ ಅವರು ಅದನ್ನು ಎರಡು ಸುತ್ತು ತಿರುಗಿಸಿ, ಕಣ್ಣುಮುಚ್ಚಿ ಕೇಳಿ, ಮತ್ತೆ ಮೇಜಿನ ಒಳಗಿಟ್ಟರು. ಹೊರಗೆ ಇನ್ನೂ ಹದಿನೈದು ಮಂದಿ ಕಾದಿದ್ದರು. ಪಾಪ, ಅವರಿಗೆ ಬೇಕಾಗಿದ್ದುದು ಒಂದು ಬಿಡುವಿನ ಭಾನುವಾರ. ಅದನ್ನು ಜಪಾನಿನವರೂ ತಯಾರಿಸುವುದಿಲ್ಲ.