ಎರಡು ಸರಿಗಳ ನಡುವಿನ ತಡೆ

ಮೊಜಿಲ್ಲಾ ಸಂಸ್ಥೆಯು 2008ರ ಏಪ್ರಿಲ್‌ನಲ್ಲಿ ಹೊರತಂದ ಫೈರ್‌ಫಾಕ್ಸ್ 3ರ ಐದನೆಯ ಬೀಟಾ, ಅಂದರೆ ಅಂತಿಮ ಬಿಡುಗಡೆಗೆ ಮೊದಲು ಬಳಕೆದಾರರ ಕೈಯಲ್ಲೇ ಪರೀಕ್ಷೆಗೆ ಒಳಗಾಗುವ ಆವೃತ್ತಿ, ಹಿಂದಿನ ಫೈರ್‌ಫಾಕ್ಸ್ 2ಕ್ಕಿಂತ ಹಲವು ಬಗೆಯಲ್ಲಿ ಚುರುಕಾಗಿತ್ತು. ಮೆಮೊರಿಯನ್ನು ಹಂಚಿಕೊಡುವ ಕೆಲಸಕ್ಕೆ ಜೇಸನ್ ಇವಾನ್ಸ್ ರೂಪಿಸಿದ್ದ ಜೆಮ್ಯಾಲಕ್ ಎಂಬ ತಂತ್ರಾಂಶವನ್ನು ಅಳವಡಿಸಿಕೊಂಡದ್ದರಿಂದ, ಬ್ರೌಸರ್ ಬಹುಹೊತ್ತು ತೆರೆದಿದ್ದಾಗ ಮೆಮೊರಿ ಚೂರುಚೂರಾಗಿ ವ್ಯರ್ಥವಾಗುವ ಹಳೆಯ ದೋಷ ತಗ್ಗಿತ್ತು. ಹೀಗಿದ್ದೂ ಲಿನಕ್ಸ್ ಬಳಸುವ ಅನೇಕರ ಗಣಕಗಳಲ್ಲಿ, ಹಿನ್ನೆಲೆಯಲ್ಲಿ ದೊಡ್ಡ ಕಡತವೊಂದು ನಕಲಾಗುತ್ತಿರುವಾಗ ಕೊಂಡಿಯೊಂದನ್ನು ಒತ್ತಿದರೆ, ಬ್ರೌಸರ್ ಕೆಲವು ಸೆಕೆಂಡುಗಳ ಕಾಲ, ಒಮ್ಮೊಮ್ಮೆ ಇನ್ನೂ ಹೆಚ್ಚು ಹೊತ್ತು, ಯಾವ ಆಜ್ಞೆಗೂ ಓಗೊಡದೆ ನಿಂತುಬಿಡುತ್ತಿತ್ತು.

ಇದರ ಮೂಲ ಇದ್ದದ್ದು ಪುಟಗಳನ್ನು ಚಿತ್ರಿಸುವ ಭಾಗದಲ್ಲಲ್ಲ, ನೋಡಿದ ಪುಟಗಳನ್ನು ನೆನಪಿಟ್ಟುಕೊಳ್ಳುವ ಭಾಗದಲ್ಲಿ. ಫೈರ್‌ಫಾಕ್ಸ್ 2 ಪುಟಗುರುತುಗಳನ್ನೂ ಭೇಟಿಯ ಇತಿಹಾಸವನ್ನೂ ಬೇರೆಬೇರೆ ಸಾದಾ ಕಡತಗಳಲ್ಲಿ ಇಡುತ್ತಿದ್ದರೆ, ಹೊಸ ಆವೃತ್ತಿ ಅವೆರಡನ್ನೂ ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸ್‌ಗೆ ಒಪ್ಪಿಸಿತು. ವಿಳಾಸಪಟ್ಟಿಯಲ್ಲಿ ಎರಡಕ್ಷರ ಟೈಪಿಸಿದೊಡನೆ ಹಳೆಯ ಪುಟಗಳು ಹುಡುಕಿ ಬರುತ್ತಿದ್ದ ಸೊಗಸು ಈ ಬದಲಾವಣೆಯ ಫಲ. ವಿದ್ಯುತ್ ಹೋದರೂ ದಾಖಲೆ ಕೆಡಬಾರದೆಂದು ಎಸ್‌ಕ್ಯುಲೈಟ್ ತನ್ನ ಪ್ರತಿ ವ್ಯವಹಾರದ ಕೊನೆಗೆ ಎಫ್‌ಸಿಂಕ್ ಎಂಬ ಕರೆಯನ್ನು ಹೊರಡಿಸುತ್ತದೆ. ಈ ಕಡತದ ದತ್ತಾಂಶವೆಲ್ಲ ನಿಜವಾಗಿಯೂ ಡಿಸ್ಕ್ ಸೇರಿದೆಯೆಂದು ಖಾತ್ರಿಯಾಗುವವರೆಗೆ ಮುಂದೆ ಸಾಗಬಾರದು ಎಂಬುದೇ ಆ ಕರೆಯ ಅರ್ಥ. ಹಣದ ಲೆಕ್ಕವನ್ನೋ ಪತ್ರವ್ಯವಹಾರವನ್ನೋ ಕಾಯುವ ತಂತ್ರಾಂಶಕ್ಕೆ ಇಷ್ಟು ಎಚ್ಚರ ಅಗತ್ಯವೇ ಸರಿ.

ಆದರೆ ಆ ಕಾಲದ ಲಿನಕ್ಸ್‌ನಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿದ್ದ ಇಎಕ್ಸ್‌ಟಿ3 ಎಂಬ ಫೈಲ್ ಸಿಸ್ಟಂ, ಅಂದರೆ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ, ತನ್ನದೇ ಇನ್ನೊಂದು ಎಚ್ಚರವನ್ನು ಪಾಲಿಸುತ್ತಿತ್ತು. ಕಡತದ ವಿವರಗಳು ದಾಖಲಾಗುವ ಮೊದಲೇ ಅದರ ಒಳಹೂರಣ ಡಿಸ್ಕ್ ಸೇರಿರಬೇಕೆಂಬ ಅದರ ನಿಯಮದಿಂದಾಗಿ, ಒಂದೇ ಒಂದು ಕಡತಕ್ಕಾಗಿ ಬಂದ ಕರೆಯೂ ಉಳಿದೆಲ್ಲ ಕಾರ್ಯಕ್ರಮಗಳು ಬರೆಯಲು ಬಾಕಿಯಿಟ್ಟಿದ್ದನ್ನು ಜೊತೆಗೇ ಇಳಿಸಬೇಕಾಗುತ್ತಿತ್ತು. ಅಂಚೆ ಕಚೇರಿಗೆ ಒಂದು ಕಾಗದವನ್ನು ರಿಜಿಸ್ಟರ್ ಮಾಡಿಸಲು ಬಂದವನು ಆ ದಿನದ ಚೀಲಗಳೆಲ್ಲ ಹೊರಟ ಮೇಲೆಯೇ ರಸೀದಿ ಪಡೆಯಬೇಕಾದ ಸ್ಥಿತಿ ಅದು. ಈ ಕಾಯುವಿಕೆ ನಡೆಯುತ್ತಿದ್ದದ್ದು ಕಿಟಕಿಯನ್ನು ಚಿತ್ರಿಸುವ, ಒತ್ತುಗಳನ್ನು ಆಲಿಸುವ ಮುಖ್ಯ ಎಳೆಯಲ್ಲೇ ಆದ್ದರಿಂದ ಇಡೀ ಬ್ರೌಸರ್ ಸೆಟೆದು ನಿಲ್ಲುತ್ತಿತ್ತು. ಡೇಟಾಬೇಸ್ ಬರೆದವರೂ ಫೈಲ್ ಸಿಸ್ಟಂ ಬರೆದವರೂ ತಂತಮ್ಮ ನೆಲೆಯಲ್ಲಿ ಸರಿಯಾಗಿಯೇ ಯೋಚಿಸಿದ್ದರು. ತಪ್ಪು ಇದ್ದದ್ದು, ಒಂದು ಪುಟವನ್ನು ನೋಡಿದೆನೆಂಬ ಅಲ್ಪ ಸಂಗತಿಗೆ ಬ್ಯಾಂಕಿನ ಲೆಕ್ಕದಷ್ಟೇ ಭದ್ರತೆ ಬೇಕೆಂದು ಭಾವಿಸಿದ್ದರಲ್ಲಿ.

ಇಂಥ ದೋಷವನ್ನು ಬಯಲಿಗೆ ತರುವುದೇ ಬೀಟಾದ ಸಾರ್ಥಕತೆ, ಏಕೆಂದರೆ ತಯಾರಕರ ಪರೀಕ್ಷಾಗಣಕ ಸಾಮಾನ್ಯವಾಗಿ ಬೇರೆ ಕೆಲಸವಿಲ್ಲದೆ ಬಿಡುವಾಗಿರುತ್ತದೆ. ಆದರೆ ಅದೇ ಏಪ್ರಿಲ್ 24ರಂದು ಬಿಡುಗಡೆಯಾದ ಲಿನಕ್ಸ್ ವಿತರಣೆ ಉಬುಂಟು 8.04, ಮೂರು ವರ್ಷಗಳ ಬೆಂಬಲದ ಭರವಸೆಯಿದ್ದ ಆವೃತ್ತಿಯಾಗಿದ್ದೂ, ಈ ಬೀಟಾವನ್ನೇ ತನ್ನ ಮುಖ್ಯ ಬ್ರೌಸರಾಗಿ ಕೊಟ್ಟಿತು. ಹಳೆಯ ಆವೃತ್ತಿಗೆ ಮೂರು ವರ್ಷ ತೇಪೆ ಹಾಕುವ ಹೊರೆಯನ್ನು ತಪ್ಪಿಸುವ ಈ ನಿರ್ಧಾರಕ್ಕೆ ಕಾರಣಗಳಿದ್ದವು. ಆದರೂ ಪರೀಕ್ಷಕರಾಗಲು ಒಪ್ಪಿದವರ ತಾಳ್ಮೆಯನ್ನು, ಸ್ಥಿರತೆಯನ್ನು ನಂಬಿ ಬಂದವರಿಂದಲೂ ಬೇಡಿದ್ದು ನ್ಯಾಯವಲ್ಲ.

ಜೂನ್ 17ರಂದು ಬಂದ ಅಂತಿಮ ಆವೃತ್ತಿಯ ಹೊತ್ತಿಗೆ ಎಫ್‌ಸಿಂಕ್ ಕರೆಗಳನ್ನು ಕಡಿಮೆ ಮಾಡಲಾಯಿತು. 2009ರ ಫೈರ್‌ಫಾಕ್ಸ್ 3.5 ಇತಿಹಾಸವನ್ನು ಮೊದಲು ಮೆಮೊರಿಯಲ್ಲಿಟ್ಟು ಸುಮಾರು ಎರಡು ನಿಮಿಷಕ್ಕೊಮ್ಮೆ ಡಿಸ್ಕಿಗಿಳಿಸತೊಡಗಿತು. ಅಷ್ಟರಲ್ಲಿ ಪ್ರೋಗ್ರಾಮರುಗಳಲ್ಲಿ ಎಫ್‌ಸಿಂಕ್ ಎಂದರೇ ಅಂಜಿಕೆ ಹುಟ್ಟಿತ್ತು. ಅದನ್ನು ಕೈಬಿಟ್ಟು ಬರೆದ ತಂತ್ರಾಂಶಗಳು, ಬರವಣಿಗೆಯನ್ನು ಇನ್ನೂ ಮುಂದೂಡುವ ಇಎಕ್ಸ್‌ಟಿ4 ಬಂದಾಗ, ಗಣಕ ಹಠಾತ್ತನೆ ನಿಂತರೆ ಖಾಲಿ ಕಡತಗಳನ್ನು ಉಳಿಸತೊಡಗಿದವು. ಆ ಫೈಲ್ ಸಿಸ್ಟಂನ ಪ್ರಮುಖ ನಿರ್ಮಾಪಕ ಥಿಯೋಡರ್ ಚೋ 2009ರಲ್ಲಿ, ಎಫ್‌ಸಿಂಕ್‌ಗೆ ಹೆದರಬೇಕಿಲ್ಲವೆಂದು ವಿವರವಾಗಿ ಬರೆಯಬೇಕಾಯಿತು. ಆ ಮಾತು ಕಿವಿಗೆ ಬೀಳದವರ ಕಡತಗಳೂ ಉಳಿಯಲೆಂದು ಇಎಕ್ಸ್‌ಟಿ4ರೊಳಗೇ ತಿದ್ದುಪಡಿಯನ್ನೂ ಸೇರಿಸಲಾಯಿತು.